ಯಾವ ವೇಷ, ಯಾವ ಕಸುಬು?

ವಿರಾಟಪರ್ವದ ಕಥೆ ನಿಮಗೆಲ್ಲ ತಿಳಿದದ್ದೇ. ಹನ್ನೆರಡು ವರ್ಷದ ವನವಾಸ ಮುಗಿದು ಅಜ್ಞಾತವಾಸದ ವರ್ಷ ಎದುರಿಗೆ ನಿಂತಾಗ, ಪಾಂಡವರು ಒಂದೆಡೆ ಕುಳಿತು, ತಮ್ಮಲ್ಲಿ ಯಾರಿಗೆ ಯಾವ ಕೆಲಸ ಒಗ್ಗೀತು ಎಂದು ಯೋಚಿಸಿದರು. ಧರ್ಮರಾಯನಿಗೆ ಪಗಡೆ ಗೊತ್ತು. ಕಂಕನಾಗಿ ಅರಸನ ಬಳಿ ಕುಳಿತ. ಭೀಮನಿಗೆ ಊಟವೂ ಪ್ರೀತಿ, ಅಡಿಗೆಯೂ ಪ್ರೀತಿ. ವಲಲನಾಗಿ ಬಾಣಸಿನ ಮನೆ ಹೊಕ್ಕ. ನಕುಲ ಕುದುರೆಯ ಲಾಯಕ್ಕೆ, ಸಹದೇವ ದನದ ಹಟ್ಟಿಗೆ, ಅರ್ಜುನ ನಾಟ್ಯಶಾಲೆಗೆ, ದ್ರೌಪದಿ ಸುದೇಷ್ಣೆಯ ಅಂತಃಪುರಕ್ಕೆ. ಒಬ್ಬರೂ ತಮಗೆ ಬಾರದ ಕಸುಬನ್ನು ಹಿಡಿಯಲಿಲ್ಲ. ಕಸುಬು ಹಿಡಿದ ಮಾತ್ರಕ್ಕೆ ತಮ್ಮ ಶೌರ್ಯವನ್ನು ಬಿಡಲೂ ಇಲ್ಲ. ಸೌಟು ಹಿಡಿದ ಕೈಯೇ ಕೀಚಕನನ್ನು ಮುಗಿಸಿತಷ್ಟೆ!

ಈ ಹೊತ್ತು ನಾನು ಹೇಳಹೊರಟಿರುವುದು ಪುರಾಣವಲ್ಲ. ಅಂತರಜಾಲದಲ್ಲಿ ಆಡುವ ಒಂದು ಆಟದ ವಿಷಯ. ಆದರೆ ಆ ಆಟದ ಬಾಗಿಲಿನಲ್ಲಿ ನಿಂತವನಿಗೆ ಕೇಳುವ ಪ್ರಶ್ನೆಗಳು ಪಾಂಡವರು ಕೇಳಿಕೊಂಡ ಪ್ರಶ್ನೆಗಳೇ. ನೀನು ಯಾರು? ಯಾವ ಕೆಲಸದಿಂದ ಬದುಕುತ್ತೀಯೆ?

ಆಟದ ಹೆಸರು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. ಅಮೆರಿಕದ ಬ್ಲಿಜರ್ಡ್ ಎಂಬ ಸಂಸ್ಥೆ ಇದನ್ನು 2004ರ ನವೆಂಬರಿನಲ್ಲಿ ಹೊರತಂದಿತು. 2010ರಲ್ಲಿ ಇದಕ್ಕೆ ಚಂದಾ ಕೊಟ್ಟು ಆಡುವವರ ಸಂಖ್ಯೆ ಒಂದು ಕೋಟಿ ಇಪ್ಪತ್ತು ಲಕ್ಷವನ್ನು ಮುಟ್ಟಿತ್ತು. ಬೇರೆ ಬೇರೆ ಊರುಗಳಲ್ಲಿ ಕುಳಿತ ಸಾವಿರಾರು ಜನ ಒಂದೇ ಕಲ್ಪಿತ ಲೋಕದಲ್ಲಿ ಏಕಕಾಲಕ್ಕೆ ಓಡಾಡುತ್ತಾರೆ. ನೀವು ಯಂತ್ರ ಮುಚ್ಚಿ ಮಲಗಿದರೂ ಆ ಲೋಕ ತನ್ನ ಪಾಡಿಗೆ ನಡೆದಿರುತ್ತದೆ. ವರ್ಷಗಳು ಕಳೆದಂತೆ ಆಟ ಬಹಳ ಬದಲಾಯಿತು. ಹಳೆಯದೇ ಬೇಕೆಂದವರಿಗಾಗಿ ಅದರ ಮೊದಲಿನ ರೂಪವನ್ನು 2019ರ ಆಗಸ್ಟಿನಲ್ಲಿ ಕ್ಲಾಸಿಕ್ ಎಂಬ ಹೆಸರಿನಿಂದ ಮತ್ತೆ ತೆರೆದರು. ನಾನು ಕೊಡುವ ಲೆಕ್ಕಗಳೆಲ್ಲ ಈ ಹಳೆಯ ರೂಪಕ್ಕೆ ಸೇರಿದವು.

ವ್ಯಾಕರಣ ಹೇಳುವ ಮೇಷ್ಟರಿಗೆ ಈ ಲೋಕದ ದಾರಿ ತೋರಿಸಿದವರು ಯಾರು ಎಂದು ಕೇಳುವಿರಿ. ನನ್ನ ಸೋದರಳಿಯ. ದೂರದ ಊರಿನಲ್ಲಿ ನೌಕರಿ. ಫೋನು ಮಾಡಿದರೆ "ಊಟ ಆಯ್ತಾ ಮಾವ?" "ಆಯ್ತಪ್ಪಾ" ಎನ್ನುವಲ್ಲಿಗೆ ನಮ್ಮ ಮಾತು ಬತ್ತಿಹೋಗುತ್ತಿತ್ತು. ಒಂದು ಬೇಸಗೆ ರಜದಲ್ಲಿ ಬಂದವನು, "ಮಾವ, ನೀವೂ ಬನ್ನಿ, ಜೊತೆಯಲ್ಲಿ ಆಡೋಣ" ಎಂದ. ಒಪ್ಪಿದೆ. ಒಪ್ಪಿ ಏನೇನು ತಪ್ಪು ಮಾಡಿದೆನೋ ಅದೇ ಈ ಭಾಷಣದ ಬಂಡವಾಳ.

ಮೊದಲು ವೇಷದ ಮಾತು. ಇದನ್ನು ಆಟದವರು ಕ್ಲಾಸ್ ಎನ್ನುತ್ತಾರೆ. ನಾವು ವರ್ಗ ಎನ್ನೋಣ. ಮೂಲದಲ್ಲಿ ಒಂಬತ್ತು ವರ್ಗಗಳು. ಹೊಸ ರೂಪದಲ್ಲಿ 2022ರ ಹೊತ್ತಿಗೆ ಹದಿಮೂರಾದವು. ಒಂಬತ್ತನ್ನೂ ಬಾಯಿಪಾಠ ಮಾಡಬೇಕಾಗಿಲ್ಲ. ಕಾಳಗದಲ್ಲಿ ಇರುವ ಕೆಲಸ ಮೂರೇ ಎಂಬುದನ್ನು ತಿಳಿದರೆ ಸಾಕು. ಐದು ಜನರ ತಂಡವೊಂದು ರಾಕ್ಷಸರ ಗುಹೆಗೆ ಇಳಿಯಿತೆನ್ನಿ. ಒಬ್ಬ ಮುಂದೆ ನಿಂತು ವೈರಿಗಳ ಸಿಟ್ಟನ್ನೆಲ್ಲ ತನ್ನ ಮೇಲೆಯೇ ಎಳೆದುಕೊಂಡು ಏಟು ತಿನ್ನಬೇಕು; ಇವನು ಟ್ಯಾಂಕ್. ಒಬ್ಬ ಹಿಂದೆ ನಿಂತು ಗಾಯಗೊಂಡವರನ್ನು ಮಂತ್ರದಿಂದ ಗುಣಪಡಿಸಬೇಕು, ಇವನು ಹೀಲರ್. ಉಳಿದ ಮೂವರು ಹೊಡೆಯಬೇಕು. ಯಾವ ವರ್ಗಕ್ಕೆ ಯಾವ ಕೆಲಸ ಸಾಧ್ಯ ಎಂಬುದೇ ಮುಖ್ಯ.

ಮೇಜ್ ಎಂಬ ಮಾಂತ್ರಿಕ, ರೋಗ್ ಎಂಬ ಕಳ್ಳಹೆಜ್ಜೆಯವನು, ಹಂಟರ್ ಎಂಬ ಬೇಟೆಗಾರ, ವಾರ್ಲಾಕ್ ಎಂಬ ಪಿಶಾಚಿಗಳನ್ನು ಆಳುವವನು, ಈ ನಾಲ್ವರದು ಹೊಡೆಯುವ ಕೆಲಸವೊಂದೇ. ಪ್ರೀಸ್ಟ್ ಎಂಬ ಅರ್ಚಕನೂ ಶಾಮನ್ ಎಂಬ ಪಂಚಭೂತಗಳ ಉಪಾಸಕನೂ ಗುಣಪಡಿಸಬಲ್ಲರು, ಹೊಡೆಯಲೂ ಬಲ್ಲರು. ವಾರಿಯರ್ ಎಂಬ ಯೋಧ ಏಟು ತಿನ್ನಬಲ್ಲ, ಹೊಡೆಯಬಲ್ಲ, ಗುಣಪಡಿಸಲಾರ. ಪ್ಯಾಲಡಿನ್ ಎಂಬ ಧರ್ಮಯೋಧನೂ ಡ್ರೂಯಿಡ್ ಎಂಬ ಕಾಮರೂಪಿಯೂ ಮೂರನ್ನೂ ಅಷ್ಟಷ್ಟು ಬಲ್ಲವರು. ಈ ಡ್ರೂಯಿಡ್ ಕರಡಿಯಾಗಿ ಏಟು ತಿನ್ನುತ್ತಾನೆ, ಕಾಡುಬೆಕ್ಕಾಗಿ ಪರಚುತ್ತಾನೆ, ಮನುಷ್ಯನಾಗಿ ಮದ್ದು ಮಾಡುತ್ತಾನೆ.

ನಾನು ಯೋಧನನ್ನು ಆರಿಸಿಕೊಂಡೆ. ಏಕೆ? ಭೀಮನ ಮೇಲಿನ ಪ್ರೀತಿಯಿಂದ. ಗದೆ ಹಿಡಿದು ನಿಲ್ಲುವ ಆ ನಿಲುವಿಗೆ ಮಾರುಹೋದೆ. ಒಂಟಿಯಾಗಿ ಅಲೆಯುವ ಹೊಸಬನಿಗೆ ಯೋಧನ ಬಾಳು ಎಷ್ಟು ಕಷ್ಟವೆಂಬುದು ಆಮೇಲೆ ತಿಳಿಯಿತು. ಮಾಂತ್ರಿಕನ ಶಕ್ತಿ ಕಾಳಗದ ಮೊದಲಿಗೆ ತುಂಬಿದ್ದು ಕ್ರಮೇಣ ಖಾಲಿಯಾಗುತ್ತದೆ; ಯೋಧನದು ಬರಿದಾಗಿ ಆರಂಭವಾಗಿ, ಏಟು ಕೊಟ್ಟಂತೆ, ತಿಂದಂತೆ ತುಂಬುತ್ತದೆ. ಇದಕ್ಕೆ ರೇಜ್, ಎಂದರೆ ಕೋಪ, ಎಂದು ಹೆಸರು. ಭೀಮನಿಗೆ ತಕ್ಕದ್ದೇ! ಆದರೆ ಗಾಯವಾದರೆ ತಾನೇ ವಾಸಿಮಾಡಿಕೊಳ್ಳಲಾರ. ಪ್ರತಿ ಜಗಳವಾದ ಮೇಲೂ ಕುಳಿತು ರೊಟ್ಟಿ ತಿನ್ನಬೇಕು. ಕೈಯಲ್ಲಿ ಒಳ್ಳೆಯ ಆಯುಧವಿಲ್ಲದಿದ್ದರೆ ಎರಡು ಹಂದಿ ಒಟ್ಟಿಗೆ ಬಂದರೂ ಸೋಲು. ನಾನು ಮೊದಲ ವಾರದಲ್ಲಿ ಎಷ್ಟು ಬಾರಿ ಸತ್ತೆನೆಂಬುದನ್ನು ಮನೆಯವರ ಮುಂದೆ ಹೇಳಲಿಲ್ಲ.

ಹೊಸಬರಿಗೆ ಬೇಟೆಗಾರ ಸುಲಭನೆಂದು ಬಲ್ಲವರು ಹೇಳುವುದುಂಟು. ಹತ್ತನೆಯ ಮೆಟ್ಟಿಲಿಗೆ ಬಂದಾಗ ಅವನು ಕಾಡುಪ್ರಾಣಿಯೊಂದನ್ನು ಪಳಗಿಸಿಕೊಳ್ಳುತ್ತಾನೆ. ಅದು ಮುಂದೆ ನಿಂತು ಕಚ್ಚಾಡುತ್ತಿರುವಾಗ ಇವನು ದೂರದಿಂದ ಬಾಣ ಬಿಡುತ್ತಾನೆ. ಆದರೆ ಬಾಣಕ್ಕೆ ಕಾಸು ತೆರಬೇಕು, ಪ್ರಾಣಿಗೆ ಹೊತ್ತುಹೊತ್ತಿಗೆ ಊಟ ಹಾಕಬೇಕು. ಹಾಕದೆ ಬಹಳ ದಿನ ಮರೆತರೆ ಅದು ಮುನಿಸಿಕೊಂಡು ಬಿಟ್ಟುಹೋಗುವುದೂ ಉಂಟು. ಮಾಂತ್ರಿಕ ಬಟ್ಟೆ ಮಾತ್ರ ತೊಟ್ಟವನು, ಮೈ ನಾಜೂಕು. ಆದರೆ ಅನ್ನವನ್ನೂ ನೀರನ್ನೂ ಮಂತ್ರದಿಂದಲೇ ಬರಿಸಿಕೊಳ್ಳುತ್ತಾನೆ. ಅರ್ಚಕನಿಗೆ ತಂಡದಲ್ಲಿ ಎಂದೂ ಆದರ. ಗುಣಪಡಿಸುವವರಿಲ್ಲದೆ ಗುಹೆಯ ಬಾಗಿಲಿನಲ್ಲಿ ಕಾಯುತ್ತ ನಿಂತ ತಂಡಗಳನ್ನು ನಾನೇ ಕಂಡಿದ್ದೇನೆ. ಹೊಡೆಯುವವರಿಗೆ ಎಲ್ಲಿಯೂ ಬರವಿಲ್ಲ.

ವರ್ಗವನ್ನು ಒಮ್ಮೆ ಹಿಡಿದರೆ ಆ ಪಾತ್ರಕ್ಕೆ ಅದೇ ಕೊನೆ, ಬದಲಿಸಲು ಬರುವುದಿಲ್ಲ. ಆದರೆ ಒಬ್ಬನೇ ಹಲವು ಪಾತ್ರಗಳನ್ನು ಸೃಷ್ಟಿಸಿಕೊಳ್ಳಬಹುದು. ಆದಕಾರಣ ನನ್ನ ಸಲಹೆ ಇಷ್ಟು: ಮನಸ್ಸಿಗೆ ಬಂದ ಎರಡು ಮೂರು ವರ್ಗಗಳನ್ನು ಹತ್ತನೆಯ ಮೆಟ್ಟಿಲಿನವರೆಗೆ ಆಡಿ ನೋಡಿ. ಬೇಟೆಗಾರನಿಗೆ ಪ್ರಾಣಿ, ಡ್ರೂಯಿಡನಿಗೆ ಕರಡಿರೂಪ, ಎಲ್ಲರಿಗೂ ತಮ್ಮ ವಿಶೇಷ ವಿದ್ಯೆಯ ಮೊದಲ ಅಂಕ, ಇವೆಲ್ಲ ದೊರೆಯುವುದು ಹತ್ತರಲ್ಲಿಯೇ. ಏರಬೇಕಾದ ಮೆಟ್ಟಿಲುಗಳು ಅರವತ್ತು. ಹತ್ತರಲ್ಲಿ ಬೇಸರ ಬಂದದ್ದು ಅರವತ್ತರಲ್ಲಿ ಹಿತವಾದೀತೆಂದು ನಂಬಬೇಡಿ. ಯಾವುದು ನೋಡಲು ಚೆನ್ನ ಎನ್ನುವುದಕ್ಕಿಂತ ಯಾವ ಕೆಲಸವನ್ನು ನೂರು ಸಲ ಮಾಡಿದರೂ ಬೇಸರವಾಗದು ಎಂದು ಕೇಳಿಕೊಳ್ಳುವುದು ಮೇಲು.

ಇನ್ನು ಕಸುಬು. ಇಲ್ಲಿ ನಾನು ತಿಂದ ಪೆಟ್ಟು ಹಂದಿಗಳದಕ್ಕಿಂತ ದೊಡ್ಡದು.

ಪ್ರತಿಯೊಂದು ಪಾತ್ರಕ್ಕೂ ಮುಖ್ಯ ಕಸುಬುಗಳು ಎರಡೇ. ಅಡಿಗೆ, ಮೀನು ಹಿಡಿಯುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಈ ಮೂರು ಉಪಕಸುಬುಗಳು. ಇವನ್ನು ಯಾರು ಬೇಕಾದರೂ ಕಲಿಯಬಹುದು, ಲೆಕ್ಕಕ್ಕಿಲ್ಲ. ಮುಖ್ಯ ಕಸುಬುಗಳಲ್ಲಿ ಎರಡು ಜಾತಿ. ಗಿಡಮೂಲಿಕೆ ಕೀಳುವುದು, ಅದಿರು ಅಗೆಯುವುದು, ಚರ್ಮ ಸುಲಿಯುವುದು, ಇವು ಕೂಡಿಸುವ ಕಸುಬುಗಳು. ಕಮ್ಮಾರಿಕೆ, ಚರ್ಮದ ಕೆಲಸ, ಹೊಲಿಗೆ, ರಸವಿದ್ಯೆ, ಯಂತ್ರವಿದ್ಯೆ, ಆಯುಧಗಳಿಗೆ ಮಂತ್ರ ಹಾಕುವ ವಿದ್ಯೆ, ಇವು ಮಾಡುವ ಕಸುಬುಗಳು. ಮಾಡುವವನಿಗೆ ಸಾಮಗ್ರಿ ಬೇಕು. ಸಾಮಗ್ರಿ ಕೂಡಿಸುವವನಿಂದ ಬರಬೇಕು. ಇಷ್ಟು ಸಣ್ಣ ಸಂಗತಿ ನನಗೆ ಹೊಳೆಯಲಿಲ್ಲ. ಗೌರವದ ಕಸುಬುಗಳೆಂದು ಕಮ್ಮಾರಿಕೆಯನ್ನೂ ರಸವಿದ್ಯೆಯನ್ನೂ ಒಟ್ಟಿಗೆ ಹಿಡಿದೆ. ಅದಿರು ಅಗೆಯಲು ಬಾರದು, ಸೊಪ್ಪು ಕೀಳಲು ಬಾರದು. ತಾಮ್ರದ ಗಟ್ಟಿಯನ್ನು ಹರಾಜಿನ ಕಟ್ಟೆಯಲ್ಲಿ ಕೊಂಡೆ; ಸೊಪ್ಪನ್ನೂ ಅಲ್ಲಿಯೇ ಕೊಂಡೆ. ನೂರು ತಾಮ್ರದ ಕಾಸಿಗೆ ಒಂದು ಬೆಳ್ಳಿ, ನೂರು ಬೆಳ್ಳಿಗೆ ಒಂದು ಚಿನ್ನ, ಇದು ಆ ಲೋಕದ ನಾಣ್ಯ. ನನ್ನ ಚೀಲದಲ್ಲಿ ಕೊನೆಗೆ ಉಳಿದದ್ದು ತಾಮ್ರ ಮಾತ್ರ. ಯೋಧನಿಗೆ ಹೊಸ ಪಟ್ಟುಗಳನ್ನು ಕಲಿಸುವ ಗುರುವಿಗೆ ದಕ್ಷಿಣೆ ಕೊಡಲೂ ಕಾಸಿಲ್ಲ! ಅಳಿಯ ನಕ್ಕು, "ಮಾವ, ಗಣಿಯಿಲ್ಲದ ಕಮ್ಮಾರ, ತೋಟವಿಲ್ಲದ ವೈದ್ಯ, ಎರಡೂ ನೀವೇ ಆಗಿಬಿಟ್ಟಿರಲ್ಲ" ಎಂದ.

ಸರಿಯಾದ ಜೋಡಿಗಳು ಸುಲಭ. ಗಿಡಮೂಲಿಕೆಗೆ ರಸವಿದ್ಯೆ, ಅದಿರಿಗೆ ಕಮ್ಮಾರಿಕೆ ಅಥವಾ ಯಂತ್ರವಿದ್ಯೆ, ಚರ್ಮ ಸುಲಿಯುವುದಕ್ಕೆ ಚರ್ಮದ ಕೆಲಸ. ಹೊಲಿಗೆಯವನಿಗೆ ಮಾತ್ರ ಕೂಡಿಸುವ ಕಸುಬು ಬೇಕಾಗಿಲ್ಲ. ಮನುಷ್ಯರೂಪದ ವೈರಿಗಳನ್ನು ಕೊಂದರೆ ಅವರ ಬಳಿಯೇ ಬಟ್ಟೆ ಸಿಗುತ್ತದೆ. ಅವನು ಹೊಲಿದ ಉಡುಪುಗಳನ್ನೇ ಮಂತ್ರವಿದ್ಯೆಯಿಂದ ಒಡೆದು ಪುಡಿಮಾಡಿ ಮುಂದಿನ ಮಂತ್ರಕ್ಕೆ ಸಾಮಗ್ರಿ ಮಾಡಬಹುದಾದುದರಿಂದ ಆ ಎರಡನ್ನು ಜೋಡಿಸುತ್ತಾರೆ. ಆದರೆ ಇದು ಹೊಸಬನ ಚೀಲಕ್ಕೆ ಭಾರ. ಬಟ್ಟೆ ತೊಡುವ ಅರ್ಚಕ, ಮಾಂತ್ರಿಕರಿಗೆ ಹೊಲಿಗೆ, ಚರ್ಮ ತೊಡುವವರಿಗೆ ಚರ್ಮದ ಕೆಲಸ, ಲೋಹ ತೊಡುವ ಯೋಧನಿಗೆ ಕಮ್ಮಾರಿಕೆ, ಹೀಗೆ ಮೈಗೆ ತಕ್ಕ ಕಸುಬು ಹಿಡಿದರೆ ತಾನು ಮಾಡಿದ್ದನ್ನು ತಾನೇ ತೊಡಬಹುದು.

ಕಸುಬಿನ ಕೌಶಲವನ್ನು ಅಂಕಗಳಿಂದ ಅಳೆಯುತ್ತಾರೆ, ಒಂದರಿಂದ ಮುನ್ನೂರರವರೆಗೆ. ಎಪ್ಪತ್ತೈದಕ್ಕೊಮ್ಮೆ ಗುರುವಿನ ಬಳಿಗೆ ಹೋಗಿ ಮುಂದಿನ ತರಗತಿಗೆ ಸೇರಬೇಕು. ತಾಮ್ರವನ್ನು ಒಂದನೆಯ ಅಂಕದವನೂ ಅಗೆದಾನು. ತವರಕ್ಕೆ ಅರವತ್ತೈದು ಬೇಕು, ಕಬ್ಬಿಣಕ್ಕೆ ನೂರಿಪ್ಪತ್ತೈದು. ಒಂದು ಗಟ್ಟಿ ತಾಮ್ರ, ಒಂದು ಗಟ್ಟಿ ತವರ ಕರಗಿಸಿದರೆ ಎರಡು ಗಟ್ಟಿ ಕಂಚು. ನಮ್ಮ ಕಂಚುಗಾರರು ಈ ಪಾಕ ಕೇಳಿದರೆ ನಕ್ಕಾರು. ತವರ ಅಷ್ಟು ಸುರಿದರೆ ಪಾತ್ರೆ ಉಳಿಯುವುದುಂಟೆ? ಆಟದ ಲೋಹಕ್ಕೆ ಆಟದ ನ್ಯಾಯ.

ಹಾಗಾದರೆ ಕೈಯಲ್ಲಿ ಕಾಸಿಲ್ಲದ ಹೊಸಬ ಏನು ಮಾಡಬೇಕು? ಮೊದಲಿಗೆ ಕೂಡಿಸುವ ಕಸುಬುಗಳನ್ನೇ ಎರಡು ಹಿಡಿಯಲಿ. ಅದಿರಿನ ಜೊತೆಗೆ ಚರ್ಮ, ಇಲ್ಲವೆ ಗಿಡಮೂಲಿಕೆಯ ಜೊತೆಗೆ ಚರ್ಮ. ಅದಿರನ್ನೂ ಗಿಡವನ್ನೂ ಒಟ್ಟಿಗೆ ಹಿಡಿದರೆ ಒಂದು ತೊಡಕುಂಟು: ನಕ್ಷೆಯ ಮೇಲೆ ಅದಿರನ್ನು ತೋರಿಸುವ ವಿದ್ಯೆ, ಗಿಡವನ್ನು ತೋರಿಸುವ ವಿದ್ಯೆ, ಎರಡನ್ನೂ ಒಂದೇ ಹೊತ್ತಿಗೆ ನಡೆಸಲು ಬಾರದು. ಚರ್ಮಕ್ಕೆ ಆ ತೊಂದರೆಯಿಲ್ಲ. ಕೊಂದ ಮೃಗ ಕಾಲ ಬಳಿಯೇ ಬಿದ್ದಿರುತ್ತದೆ. ಕೂಡಿಸಿದ್ದನ್ನು ಮಾರುತ್ತ ಬಂದರೆ ನಲವತ್ತನೆಯ ಮೆಟ್ಟಿಲಿನಲ್ಲಿ ಸವಾರಿಯ ಪ್ರಾಣಿಗೆ ಬೇಕಾಗುವ ನೂರರ ಆಸುಪಾಸಿನ ಚಿನ್ನ ದಕ್ಕೀತು. ಆಮೇಲೆ ಒಂದನ್ನು ಬಿಟ್ಟು ಮಾಡುವ ಕಸುಬು ಕಲಿಯಬಹುದು. ಆದರೆ ಬಿಟ್ಟ ಕಸುಬಿನ ಅಂಕಗಳೆಲ್ಲ ಸೊನ್ನೆ. ಮತ್ತೆ ಬೇಕೆಂದರೆ ಒಂದರಿಂದ ಆರಂಭ. ನಾನು ಕಮ್ಮಾರಿಕೆಯನ್ನು ಬಿಟ್ಟಾಗ ತಿಂಗಳ ದುಡಿಮೆ ಒಂದು ಗುಂಡಿಯ ಒತ್ತಿನಲ್ಲಿ ಅಳಿಸಿಹೋಯಿತು.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಆಟದ ಅಂಕ ಹೋಯಿತೆಂದಲ್ಲ; ಹಳೆಯ ವಿದ್ಯಾರ್ಥಿಯೊಬ್ಬ ನೆನಪಾದ. ಕೈಗೆಲಸದಲ್ಲಿ ಜಾಣ, ಶಾಲೆಯ ಮುರಿದ ಬೆಂಚುಗಳನ್ನೆಲ್ಲ ಅವನೇ ಸರಿಮಾಡುತ್ತಿದ್ದ. ಹತ್ತನೆಯ ತರಗತಿಯಲ್ಲಿ ಅಂಕಗಳೂ ಚೆನ್ನಾಗಿಯೇ ಬಂದವು. ತಂದೆ ಬಂದು, "ಮುಂದೇನು ಓದಿಸಲಿ ಮೇಷ್ಟ್ರೆ?" ಎಂದಾಗ ನಾನು ಅಂಕಪಟ್ಟಿಯನ್ನು ನೋಡಿದೆ, ಹುಡುಗನನ್ನು ನೋಡಲಿಲ್ಲ, "ವಿಜ್ಞಾನಕ್ಕೆ ಹಾಕಿ" ಎಂದೆ. ಅವನು ಎರಡು ವರ್ಷ ಕಷ್ಟಪಟ್ಟು, ಬಿಟ್ಟು, ಕೊನೆಗೆ ಮರಗೆಲಸವನ್ನೇ ಹಿಡಿದ. ಈಗ ಚೆನ್ನಾಗಿದ್ದಾನೆ. ಒಮ್ಮೆ ದಾರಿಯಲ್ಲಿ ಸಿಕ್ಕಿ ಕಾಲಿಗೆರಗಿ, "ಅವತ್ತು ತಾವು ನನ್ನನ್ನೇ ಒಂದು ಮಾತು ಕೇಳಬಹುದಾಗಿತ್ತು ಸಾರ್" ಎಂದ. ಸಿಟ್ಟಿನಿಂದ ಹೇಳಿದ ಮಾತಲ್ಲ. ಆದುದರಿಂದಲೇ ಮನಸ್ಸಿನಲ್ಲಿ ಉಳಿದಿದೆ. ಆಟದಲ್ಲಿ ಸೊನ್ನೆಗಿಳಿದ ಅಂಕ ತಿಂಗಳಲ್ಲಿ ಮರಳಿ ಬಂತು. ಅವನ ಎರಡು ವರ್ಷ ಬರಲಿಲ್ಲ.

ನಾನು ಯೋಧನನ್ನು ಬಿಟ್ಟು ಅರ್ಚಕನಾಗಿ ಮೊದಲಿನಿಂದ ಆರಂಭಿಸಿದೆ. ಗಿಡಮೂಲಿಕೆ ಮತ್ತು ರಸವಿದ್ಯೆ ನನ್ನ ಕಸುಬು. ಹಿಂದೆ ನಿಂತು ಇತರರ ಗಾಯ ನೋಡಿಕೊಳ್ಳುವುದು ಮೇಷ್ಟರ ಮೈಗೆ ಒಗ್ಗಿದ ಕೆಲಸವಲ್ಲವೆ? ವಾರಕ್ಕೆ ಎರಡು ರಾತ್ರಿ, ಒಂದೊಂದು ಗಂಟೆ, ಹೆಚ್ಚಿಲ್ಲ. ಮನೆಯಲ್ಲಿ ಮಕ್ಕಳು ಆಡುವುದಾದರೆ ನೀವೂ ಅಷ್ಟೇ ಕಟ್ಟು ಮಾಡಿ; ತಿಂಗಳ ಚಂದಾ ಎಷ್ಟು, ಹೊತ್ತು ಎಷ್ಟು, ಎರಡನ್ನೂ ಮೊದಲೇ ಗೊತ್ತುಮಾಡಿ. ಬಳಿಕ ಪಕ್ಕದಲ್ಲಿ ಕುಳಿತು, "ಮಗೂ, ನೀನು ಯಾರಾಗಿದ್ದೀಯೆ? ಅದನ್ನೇ ಏಕೆ ಆರಿಸಿಕೊಂಡೆ?" ಎಂದು ಕೇಳಿ ನೋಡಿ. ಅವರು ಹೇಳುವ ಉತ್ತರದಲ್ಲಿ ಅಂಕಪಟ್ಟಿಯಲ್ಲಿ ಕಾಣದ ಸಂಗತಿ ಕಂಡರೂ ಕಂಡೀತು.

ಈಗ ಅಳಿಯ ಫೋನು ಮಾಡಿದರೆ ಊಟದ ಮಾತಿನ ಮೇಲೆ ಇನ್ನೊಂದು ಮಾತು ಇರುತ್ತದೆ. ಮುಂದೆ ನಿಂತು ಏಟು ತಿನ್ನುವವನು ಅವನು. ಹಿಂದಿನಿಂದ ಕಾಯುವವನು ನಾನು. ಮೊನ್ನೆ ಗುಹೆಯಿಂದ ಹೊರಗೆ ಬಂದ ಮೇಲೆ, "ಮಾವ, ನೀವಿದ್ದೀರಿ ಅಂತ ಧೈರ್ಯವಾಗಿ ನುಗ್ಗಿದೆ" ಎಂದ. ಆ ಒಂದು ಮಾತಿಗೆ ನಾನು ಕಳೆದುಕೊಂಡ ಚಿಲ್ಲರೆಯೆಲ್ಲ ಸಂದಾಯವಾಯಿತು.