ಪ್ರಶ್ನಾವಳಿ ಯಾರ ಮುಂದೆ? ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಅಧ್ಯಯನವನ್ನು ಕುರಿತು
ಸಾರ್ವಜನಿಕ ಆರೋಗ್ಯವೆಂದರೆ ಒಬ್ಬ ರೋಗಿಯ ಚಿಕಿತ್ಸೆಯಲ್ಲ. ಒಂದು ಜನಸಮುದಾಯದಲ್ಲಿ ರೋಗ ಯಾರಿಗೆ, ಎಲ್ಲಿ, ಏಕೆ ಬರುತ್ತದೆಂದು ಅರಿತು, ಅದು ಬಾರದಂತೆ, ಬಂದರೂ ಹಬ್ಬದಂತೆ ನೋಡಿಕೊಳ್ಳುವ ಸಂಘಟಿತ ಪ್ರಯತ್ನ. ಆ ಪ್ರಯತ್ನಕ್ಕೆ ಹಣವನ್ನೂ ಸಿಬ್ಬಂದಿಯನ್ನೂ ಯಾವ ಕ್ರಮದಲ್ಲಿ ಒದಗಿಸಬೇಕೆಂಬ ಸರ್ಕಾರದ ತೀರ್ಮಾನವೇ ಆರೋಗ್ಯ ನೀತಿ. ಇವೆರಡರ ಉನ್ನತ ವ್ಯಾಸಂಗ ಭಾರತಕ್ಕೆ ಹೊಸದಲ್ಲ. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಕಲ್ಕತ್ತೆಯಲ್ಲಿ ಇದಕ್ಕೆಂದೇ ಅಖಿಲ ಭಾರತ ಸಂಸ್ಥೆಯೊಂದು 1932ರಲ್ಲಿಯೇ ತಲೆಯೆತ್ತಿತ್ತು. ಆದರೆ ಬಹುಕಾಲ ಈ ವಿದ್ಯೆ ವೈದ್ಯರ ಸೊತ್ತಾಗಿಯೇ ಉಳಿಯಿತು. ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರ 1997ರಲ್ಲಿ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ) ಪದವಿಯನ್ನು ಆರಂಭಿಸಿದ ಮೇಲೆ ಅನೇಕ ವಿಶ್ವವಿದ್ಯಾಲಯಗಳು ಅದೇ ಹಾದಿ ಹಿಡಿದವು. ಶುಶ್ರೂಷೆ, ಸಮಾಜಶಾಸ್ತ್ರ, ಸಂಖ್ಯಾಶಾಸ್ತ್ರ ಓದಿದವರಿಗೂ ಕ್ರಮೇಣ ಬಾಗಿಲು ತೆರೆಯಿತು.

ಬಾಗಿಲು ತೆರೆದುದು ಸಂತೋಷದ ಸಂಗತಿಯೇ. ಒಳಗೆ ಬಂದವರು ಏನನ್ನು ಶೋಧಿಸುತ್ತಿದ್ದಾರೆಂಬುದು ಮಾತ್ರ ಈ ಸಮ್ಮೇಳನ ಯೋಚಿಸಬೇಕಾದ ವಿಷಯ. ಸಂಪ್ರಬಂಧಗಳಲ್ಲಿ ದೊಡ್ಡದೊಂದು ಪಾಲು ‘ಜ್ಞಾನ, ಮನೋಭಾವ, ಆಚರಣೆ’ ಎಂಬ ಮಾದರಿಯದು: ರೋಗವೊಂದರ ಬಗ್ಗೆ ಜನರಿಗೆ ಏನು ಗೊತ್ತು, ಏನೆನ್ನಿಸುತ್ತದೆ, ಅವರು ಏನು ಮಾಡುತ್ತಾರೆ ಎಂದು ಪ್ರಶ್ನಾವಳಿಯಿಂದ ಅಳೆದು, ಕೊನೆಗೆ ಜನರಲ್ಲಿ ಅರಿವು ಸಾಲದು ಎಂಬ ತೀರ್ಮಾನಕ್ಕೆ ಬರುವ ಸಮೀಕ್ಷೆ. ಇದು ಸುಲಭ, ಅಗ್ಗ, ಯಾರಿಗೂ ಇರುಸುಮುರುಸಾಗದು. ಪ್ರಶ್ನೆಗೊಳಗಾಗುವ ಬಡವರ ಹೊರತು.

ಇದಕ್ಕೆ ತದ್ವಿರುದ್ಧವಾದ ಮೇಲ್ಪಂಕ್ತಿ ಕನ್ನಡನಾಡಿನಲ್ಲೇ ಇದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ, ಎಕ್ಸ್‌-ರೇಯಲ್ಲಿ ಕ್ಷಯದ ಗುರುತು ಕಂಡವರನ್ನು ಹುಡುಕಿಕೊಂಡು ಹೋಗಿ, ಅವರಿಗೆ ತಮ್ಮ ಕಾಯಿಲೆಯ ಲಕ್ಷಣಗಳು ಗೊತ್ತಾಗಿವೆಯೆ, ಗೊತ್ತಾದ ಮೇಲೆ ಅವರು ಏನು ಮಾಡಿದರು ಎಂದು ಕೇಳಿತು. ಹಳ್ಳಿಗರು ಕೆಮ್ಮು, ಜ್ವರವನ್ನು ಲೆಕ್ಕಿಸುವುದಿಲ್ಲವೆಂಬ ಬಲವಾದ ನಂಬಿಕೆಗೆ ಉತ್ತರ ಹೊಂದಲಿಲ್ಲ: ಬಹುಪಾಲು ಜನರಿಗೆ ಲಕ್ಷಣಗಳ ಅರಿವಿತ್ತು, ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಬಹುಮಟ್ಟಿಗೆ ಕಫ ಪರೀಕ್ಷೆಯಲ್ಲ, ಕೆಮ್ಮಿನ ಔಷಧದ ಬಾಟಲಿ. ಅರಿವಿನ ಕೊರತೆಯಿದ್ದದ್ದು ವೈದ್ಯರ ಮೇಜಿನ ಈಚೆಗಲ್ಲ, ಆಚೆಗೆ.

ಪ್ರಕಟವಾಗುವ ಮೊದಲೇ ಈ ಶೋಧದಿಂದ ನೀತಿಗೆ ಬಂದ ಫಲ ಸಣ್ಣದಲ್ಲ. ಎಕ್ಸ್‌-ರೇ ವಾಹನಗಳನ್ನು ಊರೂರಿಗೆ ಓಡಿಸಿ ರೋಗಿಗಳನ್ನು ಹುಡುಕುವ ಬದಲು, ಕೆಮ್ಮೆಂದು ತಾವಾಗಿ ಬರುವವರ ಕಫವನ್ನು ಹತ್ತಿರದ ಸಾಮಾನ್ಯ ಆಸ್ಪತ್ರೆಯಲ್ಲೇ ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದರೆ ಸಾಕೆಂಬ ತರ್ಕವೇ 1962ರ ಜಿಲ್ಲಾ ಕ್ಷಯ ಕಾರ್ಯಕ್ರಮದ ಬೆನ್ನೆಲುಬು. ಆ ಕಾರ್ಯಕ್ರಮ ಗೆದ್ದಿತೆಂದು ಹೇಳುವಂತಿಲ್ಲ. ಹಣದ ಅಭಾವ, ಔಷಧಿಯ ಕೊರತೆ, ಚಿಕಿತ್ಸೆ ಮುಗಿಸಿದವರ ಸಂಖ್ಯೆ ತೀರ ಕಡಿಮೆಯಾದದ್ದು, ಇವೆಲ್ಲ 1992ರ ಪರಿಶೀಲನೆಯಲ್ಲಿ ಬಯಲಾದವು. ಹಾಗಿದ್ದೂ ಸೋತದ್ದು ತುಮಕೂರಿನ ಶೋಧವಲ್ಲ. ಆ ಶೋಧ ಬೊಟ್ಟುಮಾಡಿದ್ದ ಆಸ್ಪತ್ರೆಯ ಒಳಾಂಗಣವೇ ದುರಸ್ತಿಯಾಗದೆ ಉಳಿಯಿತು.

ಸ್ನಾತಕೋತ್ತರ ವಿದ್ಯಾರ್ಥಿ ಈ ಒಳಾಂಗಣವನ್ನು ಪ್ರವೇಶಿಸಲು ಇಲಾಖೆಯ ಅನುಮತಿ ಬೇಕು, ಅನುಮತಿ ಕೊಡುವವರೇ ಅಧ್ಯಯನಕ್ಕೆ ಒಳಪಡುವವರು. ಪ್ರಶ್ನಾವಳಿ ಹಿಡಿದು ಹಳ್ಳಿಗೆ ಹೋಗುವುದೇ ಸಲೀಸೆನ್ನಿಸುವುದಕ್ಕೆ ಇದೂ ಒಂದು ಕಾರಣ. ರಾಜ್ಯಗಳಲ್ಲಿ ಸಾರ್ವಜನಿಕ ಆರೋಗ್ಯಕ್ಕೆ ಪ್ರತ್ಯೇಕ ವೃತ್ತಿಶ್ರೇಣಿ ಇರಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಸೂಚಿಸಿದೆ. ಅಂಥ ಶ್ರೇಣಿಗೆ ಸೇರಲಿರುವವರಿಗೆ ಇಲಾಖೆಯನ್ನು ಓದುವ ಅಭ್ಯಾಸ ವ್ಯಾಸಂಗದಲ್ಲೇ ಆಗಬೇಕು. ತಾಲ್ಲೂಕು ಆಸ್ಪತ್ರೆಯೊಂದರ ಔಷಧಿ ಇಂಡೆಂಟ್ (ಬೇಡಿಕೆಪಟ್ಟಿ) ಜಿಲ್ಲಾ ಉಗ್ರಾಣಕ್ಕೆ ಹೋಗಿ, ಎಷ್ಟು ದಿನಕ್ಕೆ, ಎಷ್ಟು ಕತ್ತರಿಸಿಕೊಂಡು, ಯಾರ ಸಹಿಗಾಗಿ ಕಾದು ಮರಳುತ್ತದೆ ಎಂಬುದರ ವರದಿಯನ್ನು ಪೂರ್ಣ ಪ್ರಮಾಣದ ಸಂಪ್ರಬಂಧವೆಂದು ವಿಶ್ವವಿದ್ಯಾಲಯಗಳು ಒಪ್ಪಿಕೊಳ್ಳಲಿ ಎಂಬುದು ಈ ಪೀಠದ ಮೊದಲ ಸಲಹೆ.