ಕೊಂಕುನುಡಿಯೂ ತುಂಬುಮನಸ್ಸೂ



ಯಾವ ಸತ್ಕಾರ್ಯವನ್ನಾದರೂ ನಾಲ್ಕು ಮಾರು ದೂರದಲ್ಲಿ ನಿಂತು, ತುಟಿಯ ಅಂಚಿನಲ್ಲಿ ನಕ್ಕು ನೋಡುವುದೇ ಜಾಣತನವೆಂಬ ಭಾವನೆಯು ವಿದ್ಯಾವಂತರಲ್ಲಿ ಬಲವಾಗಿ ಬೇರೂರಿರುವುದು. ಒಂದನ್ನು ಮನಃಪೂರ್ವಕವಾಗಿ ಮೆಚ್ಚಿ ಅದಕ್ಕಾಗಿ ದುಡಿಯುವವನು ಅವರ ಕಣ್ಣಿಗೆ ಬರಿಯ ಮುಗ್ಧನು. ಕೊಂಕಾಡುವವನಿಗೆ ಸೋಲೆಂಬುದಿಲ್ಲ, ನಿಜ. ಆತನು ಪಣವನ್ನೇ ಒಡ್ಡಿರುವುದಿಲ್ಲವಷ್ಟೆ.

ವಿಜಾಪುರದಲ್ಲಿ ವಕೀಲರಾಗಿದ್ದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರನ್ನು (1880–1964) ಇಲ್ಲಿ ನೆನೆಯುತ್ತೇನೆ. ಅವರು ವಚನಗಳ ಓಲೆಕಟ್ಟುಗಳನ್ನು ಅರಸಹೊರಟಾಗ ಅವುಗಳಲ್ಲಿ ಎಷ್ಟೋ ದೇವರ ಜಗುಲಿಯ ಮೇಲೆ ಹೂವು ವಿಭೂತಿಗಳನ್ನು ಪಡೆಯುತ್ತಿದ್ದವು. ಎಷ್ಟೋ ಮಠಗಳ ಪೆಟ್ಟಿಗೆಯಲ್ಲಿ ಹುಳುವಿಗೆ ಆಹಾರವಾಗುತ್ತಿದ್ದವು (ಶ್ರೀಗಳವರು ಮನ್ನಿಸಬೇಕು). ಪೂಜಿಸುವವರಿದ್ದರು, ಓದುವವರು ವಿರಳ. ಪದಗಳ ನಡುವೆ ತೆರಪಿಲ್ಲದ ಬರಹ, ಮುಟ್ಟಿದರೆ ಮುರಿಯುವ ಗರಿ, ಪ್ರತಿಯಿಂದ ಪ್ರತಿಗೆ ಬೇರೆಯಾಗುವ ಪಾಠ. ಇವನ್ನು ಹೋಲಿಸಿ, ಅಂಕಿತವನ್ನು ಹಿಡಿದು ವಚನಕಾರರನ್ನು ಗುರುತಿಸಿ, ಕೈಯಿಂದ ನಕಲು ಮಾಡಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಅಷ್ಟಕ್ಕೆ ತೃಪ್ತರಾಗದೆ, ಸ್ವಂತ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಮನೆ ಮಾರಿ ಅಚ್ಚಿನ ಮೊಳೆ ಕೊಳ್ಳುವ ವಕೀಲನನ್ನು ಕಂಡು ನಗುವುದು ಎಷ್ಟು ಸುಲಭ!

ಅವರ ಪಾಠಗಳಲ್ಲಿ ದೋಷಗಳಿರಲಿಲ್ಲವೆ? ಇದ್ದವು, ಮುಂದಿನ ವಿದ್ವಾಂಸರು ತಿದ್ದಿದರು. 1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ತಿದ್ದುವುದಕ್ಕಾದರೂ ಮೊದಲು ಅಚ್ಚಾದ ಪುಟವೊಂದು ಬೇಕಲ್ಲವೆ?

‘ಶರಣರೇ ಡಾಂಭಿಕರನ್ನು ಪರಿಹಾಸ ಮಾಡಲಿಲ್ಲವೆ?’ ಎಂದು ತಾವು ಕೇಳಬಹುದು. ಮಾಡಿದರು, ಮರ್ಮಕ್ಕೆ ತಾಗುವಂತೆ ಮಾಡಿದರು. ಆದರೆ ಆ ನುಡಿಯ ಬೆನ್ನಿಗೆ ಅವರ ಬಾಳು ನಿಂತಿತ್ತು. ಬಸವಣ್ಣನವರು ಅನ್ಯರನ್ನು ಒರೆಗೆ ಹಚ್ಚುವ ಕಲ್ಲಿಗೆ ತಮ್ಮನ್ನೂ ಹಚ್ಚಿಕೊಂಡರು. ಇದು ತಟಸ್ಥನ ಕುಹಕವಲ್ಲ, ನಂಬಿದವನ ನೋವು. ಸರ್ವಜ್ಞನ ಕಟುನುಡಿಯೂ ಇದೇ ಜಾತಿಯದು. ಆ ತ್ರಿಪದಿಗಳನ್ನು ಬಹುಶ್ರಮದಿಂದ ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದವರು ಕ್ರೈಸ್ತ ಪಾದ್ರಿಗಳಾಗಿದ್ದ ಉತ್ತಂಗಿ ಚನ್ನಪ್ಪನವರು. ಪಾದ್ರಿಗೇಕೆ ಈ ಗೊಡವೆಯೆಂದು ನಕ್ಕವರೂ ಇದ್ದಿರಬಹುದು. ಬಳ್ಳಾರಿಯ ಸಾಹಿತ್ಯ ಸಮ್ಮೇಳನವು 1926ರಲ್ಲಿ ಹಳಕಟ್ಟಿಯವರನ್ನೂ, ಕಲಬುರ್ಗಿಯ ಸಮ್ಮೇಳನವು 1949ರಲ್ಲಿ ಚನ್ನಪ್ಪನವರನ್ನೂ ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿ ಗೌರವಿಸಿದವು.