ಹವಳದ ಟ್ಯಾಂಕಿಗೆ ಮರಳಿನ ನಕ್ಷತ್ರ ಮೀನು ತರೋ ಮುಂಚೆ

ನಮ್ಮ ಕಡೆ ಸೂಳೆಕೆರೆ ಇದೆ, ತುಂಗಭದ್ರೆ ಇದೆ, ಸಮುದ್ರ ಮಾತ್ರ ಇಲ್ಲ. ಆದರೂ ಮನೆಯಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟು ಹವಳ ಬೆಳೆಸೋ ಆಸೆ ಇರೋರಿಗೆ ಸಾಮಾನ್ಯವಾಗಿ ಸಿಗೋ ಸಲಹೆ ಒಂದಿದೆ: ಮರಳು ಕ್ಲೀನ್ ಆಗಿರಬೇಕಾದ್ರೆ ಮರಳಲ್ಲಿ ಇರೋ ನಕ್ಷತ್ರ ಮೀನು ಬಿಡಿ. ಇವತ್ತು ಆ ಸಲಹೆಯ ಲೆಕ್ಕ ನೋಡೋಣ.

ಇದರ ಹೆಸರು ಅಸ್ಟ್ರೊಪೆಕ್ಟೆನ್. ಐದು ತೋಳು, ಅಂಚಿಗೆ ಬಾಚಣಿಗೆ ಹಲ್ಲಿನಂಥ ಮುಳ್ಳು. ಬೇರೆ ನಕ್ಷತ್ರ ಮೀನುಗಳ ಪುಟ್ಟ ಕಾಲುಗಳಿಗೆ ಗಾಜು, ಬಂಡೆ ಹಿಡಿಯೋ ಬಟ್ಟಲು ಇರುತ್ತೆ. ಇದರ ಕಾಲು ಚೂಪು, ಮರಳು ಅಗೆಯೋಕೆ ಸರಿಯಾಗಿದೆ. ಮರಳೊಳಗಿನ ಹುಳು, ಸಣ್ಣ ಬಸವನಹುಳು, ಚಿಪ್ಪಿನ ಜೀವಿಗಳನ್ನ ಇಡಿಯಾಗಿ ನುಂಗಿ, ಖಾಲಿ ಚಿಪ್ಪನ್ನ ಬಾಯಿಂದಲೇ ಹೊರಗೆ ಹಾಕುತ್ತೆ. ಹವಳದ ತಂಟೆಗೆ ಹೋಗೋದಿಲ್ಲ. ಹಾಗಾಗಿ ಹವಳದ ಜೊತೆ ಇಡಬಹುದು ಅನ್ನೋ ಮಾತು ಸುಳ್ಳಲ್ಲ.

ತೊಂದರೆ ಇರೋದು ಊಟದಲ್ಲಿ. ನಾನು ಬಿ.ಕಾಂ. ಓದಿದವನು, ನನಗೆ ಇದು ಬ್ಯಾಂಕ್ ಡಿಪಾಸಿಟ್ ಥರ ಕಾಣುತ್ತೆ. ಮರಳೊಳಗಿನ ಜೀವಿಗಳು ಅಸಲು. ಅವು ಕಸ ತಿಂದು, ಮರಳು ಕೆದಕಿ, ಹವಳಕ್ಕೆ ಬೇಕಾದ ಶುದ್ಧ ನೀರು ಉಳಿಸ್ತವೆ. ಅದು ಬಡ್ಡಿ. ನಕ್ಷತ್ರ ಮೀನು ಬಂದು ಅಸಲನ್ನೇ ತಿನ್ನುತ್ತೆ. ಸಮುದ್ರದಲ್ಲಾದ್ರೆ ಮುಂದಿನ ಮರಳಿಗೆ ಹೋಗುತ್ತೆ. ನಮ್ಮ ಮೂರಡಿ ಟ್ಯಾಂಕಲ್ಲಿ ಎಲ್ಲಿಗೆ ಹೋಗಬೇಕು? ಕೆಲವು ತಿಂಗಳಲ್ಲಿ ಮರಳು ಖಾಲಿ. ಆಮೇಲೆ ತೋಳಿನ ತುದಿ ಸೊರಗುತ್ತೆ, ಕೊನೆಗೆ ಹಸಿವಿನಿಂದ ಸಾಯುತ್ತೆ. ಮರಳಡಿ ಸತ್ತರೆ ನಮಗೆ ಗೊತ್ತೂ ಆಗಲ್ಲ. ಅದು ಕೊಳೆತು ನೀರು ಕೆಟ್ಟಾಗ ಪೆಟ್ಟು ಬೀಳೋದು ಹವಳಕ್ಕೆ.

ಇನ್ನು ನಮ್ಮ ಊರಿನ ವಿಷಯ. ಬೋರ್‌ವೆಲ್ ನೀರು ಗಡಸು, ಜಗಳೂರು ಕಡೆ ಫ್ಲೋರೈಡ್ ಬೇರೆ. ಹಾಗಾಗಿ ಆರ್‌ಒ ನೀರೇ ಬೇಕು. 100 ಲೀಟರಿಗೆ ಸುಮಾರು ಮೂರೂವರೆ ಕೆ.ಜಿ. ಅಕ್ವೇರಿಯಂ ಉಪ್ಪು ಹಾಕ್ಬೇಕು, ಅಡುಗೆ ಉಪ್ಪು ನಡೆಯಲ್ಲ. ಬೇಸಿಗೆಯಲ್ಲಿ ನೀರು 30 ಡಿಗ್ರಿ ದಾಟಿ ಹಾಗೇ ನಿಂತರೆ ಹವಳ ಬಿಳಚಿಕೊಳ್ಳುತ್ತೆ. ಫ್ಯಾನ್ ಹಾಕಿದ್ರೆ ನೀರು ತಣ್ಣಗಾಗುತ್ತೆ, ಜೊತೆಗೆ ಬೇಗ ಆರುತ್ತೆ. ಆರೋದು ನೀರು ಮಾತ್ರ, ಉಪ್ಪು ಉಳಿಯುತ್ತೆ. ಉಪ್ಪಿನ ಏರಿಳಿತ ತಡೆಯೋ ಶಕ್ತಿ ನಕ್ಷತ್ರ ಮೀನಿಗೆ ಇಲ್ಲ. ಆರಿದಷ್ಟನ್ನ ದಿನಾ ಆರ್‌ಒ ನೀರಿಂದ ತುಂಬಿಸ್ಬೇಕು, ಉಪ್ಪುನೀರಿಂದ ಅಲ್ಲ. ಕರೆಂಟ್ ಹೋದಾಗಿಗೆ ಬ್ಯಾಟರಿ ಏರ್ ಪಂಪ್ ಇರಲಿ.

ಈಗಾಗಲೇ ತಂದಿದ್ದೀರಾ? ವಾರಕ್ಕೆ ಎರಡು ಮೂರು ಸಲ ಸಿಗಡಿ ಚೂರನ್ನ ಅದರ ಹೊಟ್ಟೆಯಡಿ ಇಟ್ಟು ನೋಡಿ. ಇನ್ನೂ ತಂದಿಲ್ಲ ಅಂದ್ರೆ ನಸಾರಿಯಸ್ ಬಸವನಹುಳು ಸಾಕು. ಉಳಿದ ಮೀನಿನ ಆಹಾರ ತಿಂದು ಮರಳೂ ಕೆದಕುತ್ತೆ. ಚಾಕೊಲೇಟ್ ಚಿಪ್ ಅನ್ನೋ ನಕ್ಷತ್ರ ಮೀನು ಮಾತ್ರ ಬೇಡವೇ ಬೇಡ, ಅದು ಹವಳವನ್ನೇ ತಿನ್ನುತ್ತೆ.

ಕಾನೂನಿನ ಮಾತೂ ಕೇಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ 2001ರಲ್ಲಿ ಹವಳ ದಿಬ್ಬ ಕಟ್ಟೋ ಹವಳಗಳನ್ನ ಸೇರಿಸಿದ್ದಾರೆ. ಹುಲಿಗಿರೋ ರಕ್ಷಣೆಯೇ ಅವಕ್ಕೂ ಇದೆ. ಮುರುಡೇಶ್ವರದ ಹತ್ತಿರ ನೇತ್ರಾಣಿಗೆ ಹೋದವರು ನೋಡಿ ಬನ್ನಿ, ಒಂದು ಚೂರೂ ತರಬೇಡಿ. ಅಂಗಡಿಯವರು ಹವಳ ಕೊಡ್ತೀನಿ ಅಂದ್ರೆ ಎಲ್ಲಿಂದ ಬಂತು, ದಾಖಲೆ ಎಲ್ಲಿ ಅಂತ ಕೇಳಿ. ದಾಖಲೆ ಇಲ್ಲ ಅಂದ್ರೆ ದುಡ್ಡು ಜೇಬಲ್ಲೇ ಇರಲಿ.

ಒಂದು ಜೀವ ಮನೆಗೆ ತರೋ ಮುಂಚೆ ಅದರ ಬೆಲೆ ಕೇಳ್ತೀವಿ. ಇನ್ಮೇಲೆ ಅದರ ಊಟ ಏನು ಅಂತಲೂ ಕೇಳೋಣ. ನಿಮ್ಮ ಟ್ಯಾಂಕಿನ ಪ್ರಶ್ನೆಗಳಿದ್ರೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಮಾತಾಡೋಣ.